ಯಾರ ಪರವಾಗಿ?

“ಏಜೆಂಟಿಗೆ ಅಧಿಕಾರ ಕೊಟ್ಟವರು ನೀವು. ಅದು ಮಾಡಿದ್ದೆಲ್ಲ ನೀವೇ ಮಾಡಿದ ಹಾಗೆ.” ಗುರುತು ನಿರ್ವಹಣೆಯ ತಂತ್ರಾಂಶ ಕಟ್ಟುವವರ ಬಾಯಲ್ಲಿ ಈ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಹೊಸನಗರದ ಮನೆಯಲ್ಲಿ ಕೂತು ನಾನು ಬರೆಯುವುದು ಅಂಥದೊಂದು ತಂತ್ರಾಂಶದ ಕೈಪಿಡಿಯನ್ನೇ. ಯಾರು ಒಳಗೆ ಬರಬಹುದು, ಯಾವ ಕಡತ ತೆರೆಯಬಹುದು, ಯಾರ ಹೆಸರಿನಲ್ಲಿ ಅರ್ಜಿ ಹಾಕಬಹುದು ಎಂದು ತೀರ್ಮಾನಿಸುವ ಸಾಧನ ಅದು. ಮೊದಲು ಕೈಪಿಡಿಯನ್ನು ಮನುಷ್ಯರು ಓದುತ್ತಿದ್ದರು, ಓದಿ ಅನುಮಾನಿಸುತ್ತಿದ್ದರು. ಈಗ ಎಐ ಏಜೆಂಟುಗಳು ಓದುತ್ತವೆ, ಓದಿದ ಕೂಡಲೇ ಯಾರದೋ ಪರವಾಗಿ ಕೆಲಸಕ್ಕೆ ಇಳಿಯುತ್ತವೆ.

‘ನಾನು’ ಎಂದರೆ ಯಾರು ಎಂದು ನಮ್ಮ ದರ್ಶನಗಳು ಬೇಕಾದಷ್ಟು ಕೇಳಿವೆ. ಆ ದಾರಿ ಇಲ್ಲಿ ಬೇಡ. ನನ್ನ ಎದುರಾಳಿ ಇಂಗ್ಲಿಷ್ ತತ್ತ್ವಜ್ಞಾನಿ ಥಾಮಸ್ ಹಾಬ್ಸ್. 1651ರ ‘ಲೆವಿಯಾಥನ್’ನ 16ನೇ ಅಧ್ಯಾಯದಲ್ಲಿ ಅವನು ಮಾಡಿಸುವವನನ್ನೂ ಮಾಡುವವನನ್ನೂ ಬೇರೆ ಮಾಡುತ್ತಾನೆ. ಕೊಟ್ಟ ಅಧಿಕಾರದೊಳಗೆ ಮಾಡುವವನು ಒಪ್ಪಿದ್ದು ಮಾಡಿಸುವವನ ತಲೆಗೆ ಬರುತ್ತದೆ, ಮೀರಿ ಒಪ್ಪಿದ್ದು ಬರುವುದಿಲ್ಲ. ಸೇತುವೆಗೆ, ಆಸ್ಪತ್ರೆಗೆ, ವಿಗ್ರಹಕ್ಕೆ ಕೂಡ ಪ್ರತಿನಿಧಿ ಇರಬಹುದು ಎನ್ನುತ್ತಾನೆ. ಮಲೆನಾಡಿನವರಿಗೆ ಇದು ಹೊಸದಲ್ಲ. ದೇವರ ಹೆಸರಿಗೆ ಪಹಣಿ ಇರುತ್ತದೆ, ಮೊಕ್ತೇಸರರು ಸಹಿ ಹಾಕುತ್ತಾರೆ. ಮಾತಾಡಲಾರದ್ದರ ಪರವಾಗಿ ಮನುಷ್ಯ ನಿಲ್ಲುವ ಏರ್ಪಾಡು ಅದು. ಮನುಷ್ಯನ ಪರವಾಗಿ ಯಂತ್ರ ನಿಲ್ಲುವ ಏರ್ಪಾಡು ಹಾಬ್ಸನ ಲೆಕ್ಕದಲ್ಲಿ ಇರಲಿಲ್ಲ.

ಅವನ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದನ್ನು ನಾನು ಕಂಡದ್ದು ಅಡಿಕೆ ಮಂಡಿಯಲ್ಲಿ. ಮನೆಗೆ ಫೋನ್ ಬರುವ ಮೊದಲಿನ ಮಾತು. ಅಪ್ಪ ನನ್ನನ್ನು ಬೆಟ್ಟೆ ಅಡಿಕೆಯ ಜೊತೆ ಸಾಗರಕ್ಕೆ ಕಳಿಸಿದ್ದರು: ಇಷ್ಟು ದರ ಬಂದರೆ ಕೊಟ್ಟುಬಿಡು. ದರ ಬಂತು. ಆದರೆ ಮಂಡಿಯಲ್ಲೇ ಸಿಕ್ಕ ನೆಂಟರೊಬ್ಬರು ಅಕ್ಕನ ಮದುವೆ ಮುಂದಕ್ಕೆ ಹೋಯಿತೆಂದರು. ಅಪ್ಪ ಆ ಅಡಿಕೆ ಮಾರಲು ಹೊರಟದ್ದೇ ಮದುವೆಯ ಖರ್ಚಿಗೆ. ನಾನು ಮಾರದೆ ಬಂದೆ. ಕೊಟ್ಟಿದ್ದರೆ ಅಧಿಕಾರದೊಳಗೇ ಇರುತ್ತಿದ್ದೆ, ಹಾಬ್ಸನ ಪ್ರಕಾರ ಅದು ಅಪ್ಪನದೇ ಮಾರಾಟ. ಆದರೆ ಅಪ್ಪನ ಪರವಾಗಿ ನಿಂತಂತೆ ಆಗುತ್ತಿರಲಿಲ್ಲ. ಒಬ್ಬರ ಪರವಾಗಿ ನಿಲ್ಲುವುದೆಂದರೆ ಅವರು ಕೊಟ್ಟ ಅಧಿಕಾರವನ್ನು ಯಾವಾಗ ಬಳಸಬಾರದೆಂದು ಬಲ್ಲವನಾಗಿರುವುದು ಎಂಬುದು ನನ್ನ ವಾದ. ಏಜೆಂಟಿಗೆ ಅಧಿಕಾರಪತ್ರವಾಗಿ ಕೊಡುವ ಟೋಕನ್ನಿನಲ್ಲಿ ಅದನ್ನು ಬರೆದು ಕಳಿಸಲಾಗುವುದಿಲ್ಲ.

ತಂತ್ರಜ್ಞರು ಈ ಕಡೆ ಒಂದು ಹೆಜ್ಜೆ ಇಟ್ಟಿದ್ದಾರೆ, ಒಪ್ಪುತ್ತೇನೆ. 2020ರಲ್ಲಿ ಪ್ರಕಟವಾದ ಆರ್‌ಎಫ್‌ಸಿ 8693 ಎಂಬ ಮಾನದಂಡ ಇನ್ನೊಬ್ಬರ ವೇಷ ತೊಟ್ಟು ಬರುವುದನ್ನೂ ಇನ್ನೊಬ್ಬರ ಪರವಾಗಿ ಬರುವುದನ್ನೂ ಪ್ರತ್ಯೇಕಿಸುತ್ತದೆ. ಎರಡನೆಯದರಲ್ಲಿ ಯಾರಿಗಾಗಿ ಎಂಬುದರ ಜೊತೆಗೆ ಯಾರು ಮಾಡುತ್ತಿದ್ದಾರೆ ಎಂಬುದೂ ಟೋಕನ್ನಿನಲ್ಲಿ ಉಳಿಯುತ್ತದೆ. ಮುದುಕಿಯೊಬ್ಬಳಿಂದ ಓಟಿಪಿ ಹೇಳಿಸಿಕೊಂಡು ಆಧಾರ್ ಕೆಲಸ ಮುಗಿಸಿಕೊಡುವ ಹುಡುಗ ಮೊದಲನೆಯ ಬಗೆ: ದಾಖಲೆಯಲ್ಲಿ ಅವನಿಲ್ಲ, ಎಲ್ಲವನ್ನೂ ಮುದುಕಿಯೇ ಮಾಡಿದ್ದಾಳೆ. ಏಜೆಂಟಿಗಾಗಿ ಬರೆಯುವ ಕೈಪಿಡಿ ಮೊದಲ ಪುಟದಲ್ಲೇ ಈ ಬಗೆಯನ್ನು ನಿಷೇಧಿಸಬೇಕು.

ಹಾಗೆಂದು, ಒಳಗಿನ ವಿಚಾರ ಬಲ್ಲ ಮನುಷ್ಯನೇ ಮೇಲು ಎಂದು ಹೇಳಹೊರಟರೆ ನಮ್ಮ ಸೀಮೆಯ ಇತಿಹಾಸವೇ ಅಡ್ಡ ಬರುತ್ತದೆ. 1951ರಲ್ಲಿ ಕಾಗೋಡಿನ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು ಗೇಣಿ ಅಳೆಯುವ ಕೊಳಗದ ಅಳತೆ ನ್ಯಾಯವಾಗಿರಲಿಲ್ಲವೆಂದು. ಅಳೆಯುವವರಿಗೆ ಅವರ ಮನೆ, ಗದ್ದೆ, ಕಷ್ಟ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಅಳೆದರು. ಬರೆದ ಅಳತೆಗೆ ಕೂದಲೆಳೆಯಷ್ಟೂ ತಪ್ಪದ, ಮಾಡಿದ್ದನ್ನೆಲ್ಲ ದಾಖಲಿಸುವ ಯಂತ್ರ ಆವತ್ತು ಇದ್ದಿದ್ದರೆ ಬಡವರ ಪಕ್ಷಕ್ಕೇ ಇರುತ್ತಿತ್ತೇನೋ. ನನ್ನ ವಾದದಲ್ಲಿ ಇಷ್ಟು ನೆಲವನ್ನು ನಾನು ಬಿಟ್ಟುಕೊಡಲೇಬೇಕು.

ಪೂರ್ತಿ ಬಿಟ್ಟುಕೊಡಲಾರೆ. 1974ರ ಭೂಸುಧಾರಣೆಯ ನಂತರ ಗದ್ದೆಯ ಹಕ್ಕು ಕೋರಿ ಏಳನೇ ನಂಬರ್ ಫಾರಂ ತುಂಬಿದ ಎಷ್ಟೋ ಗೇಣಿದಾರರ ಹೆಸರು ಯಾವ ಕಾಗದದಲ್ಲೂ ಇರಲಿಲ್ಲ. ಭೂ ನ್ಯಾಯಮಂಡಳಿಯ ಮುಂದೆ ನೆರೆಯವರು ಬಂದು, ಈ ಗದ್ದೆ ಉತ್ತವನು ಇವನೇ ಎಂದು ಬಾಯಿಂದ ಹೇಳಿದರು. ಕಾಗದವನ್ನಷ್ಟೇ ಓದುವ ಏಜೆಂಟು ಅವರನ್ನು ‘ದಾಖಲೆ ಇಲ್ಲ’ ಎಂದು ಹಿಂದಕ್ಕೆ ಕಳಿಸುತ್ತಿತ್ತು. ಇದು ನಮ್ಮ ಸೀಮೆಯ ಮಾತಷ್ಟೇ ಅಲ್ಲ: ಬೆಂಗಳೂರಿನ ಐಐಐಟಿಯಲ್ಲಿ 2018ರಲ್ಲಿ ಶುರುವಾದ ಮೋಸಿಪ್ ಎಂಬ ಗುರುತಿನ ವೇದಿಕೆ ಈಗ ಬೇರೆ ದೇಶಗಳಿಗೂ ಹೋಗಿದೆ. ಅಲ್ಲೆಲ್ಲ ಹೆಸರಿಲ್ಲದವರು ಇದ್ದೇ ಇರುತ್ತಾರೆ. ಹಾಗಾಗಿ ದಾಖಲೆ ಸಿಗದಿದ್ದರೆ ‘ಇಲ್ಲ’ ಎನ್ನಬೇಡ, ‘ನನಗೆ ಸಿಗಲಿಲ್ಲ’ ಎಂದು ಹೇಳಿ ಮನುಷ್ಯರ ಕೈಗೆ ಒಪ್ಪಿಸು ಎಂದು ನನ್ನ ಕೈಪಿಡಿಯಲ್ಲಿ ಬರೆದಿದ್ದೇನೆ. ಅನುಮಾನ ಬಂದರೆ ನಿಲ್ಲು, ಯಾರ ಪರವಾಗಿ ಬಂದೆಯೋ ಅವರನ್ನೇ ಕೇಳು ಎಂದೂ ಬರೆದಿದ್ದೇನೆ.

ಈ ಕೊನೆಯ ಸಾಲು ನನ್ನನ್ನು ಬಿಡುತ್ತಿಲ್ಲ. ತೀರ್ಥಹಳ್ಳಿ ಕಡೆ ಇರುವ ನನ್ನ ಅತ್ತೆ, ಬೆಳೆಸಾಲದ ಕಾಗದವಾಗಲಿ ಪಿಂಚಣಿಯದಾಗಲಿ, ಯಾರು ಏನು ಕೇಳಿದರೂ ‘ಹೂಂ’ ಎನ್ನುತ್ತಾರೆ. ಏಜೆಂಟು ಹತ್ತು ಸಲ ನಿಂತು ಕೇಳಿದರೆ ಹತ್ತು ಸಲ ‘ಹೂಂ’. ಅವರು ಒಪ್ಪಿದರೆಂದು ನಾನು ಹೇಗೆ ಬರೆಯಲಿ? ಕೇಳದೆಯೇ ಅವರ ಹಿತ ತಿಳಿಯಿತೆಂದು ಯಂತ್ರ ಮುಂದುವರಿದರೆ, ನಾನು ಮಂಡಿಯಲ್ಲಿ ಮಾಡಿದ್ದನ್ನೇ ಅದೂ ಮಾಡಿದಂತಾಗುತ್ತದೆ. ಅದಕ್ಕೆ ಆ ಸಲುಗೆ ಕೊಡಲು ನನಗೆ ಮನಸ್ಸಿಲ್ಲ. ಯಾಕೆ ಮನಸ್ಸಿಲ್ಲ ಎಂಬುದಕ್ಕೆ, ನಾನು ಅವರ ಮನೆಯವನು ಎಂಬುದನ್ನು ಬಿಟ್ಟು ಬೇರೆ ಕಾರಣ ನನಗಿನ್ನೂ ಸಿಕ್ಕಿಲ್ಲ. ಕಾಗೋಡಿನಲ್ಲಿ ಅಳೆದವರೂ ಬಹುಶಃ ಅಂಥದೇ ಕಾರಣ ಕೊಡುತ್ತಿದ್ದರು.