ಬೂದಿಗುಂಡಿಯ ಬಳಿ ನಿಂತವರು



ಒಂದು ಪ್ರಶ್ನೆಯಿಂದಲೇ ಆರಂಭಿಸೋಣ. ನಿಮ್ಮ ತಾಯಿ ಚಿಕ್ಕವರಾಗಿದ್ದಾಗ ರೈಲ್ವೆ ಯಾರ್ಡಿನಿಂದ ಕಲ್ಲಿದ್ದಲು ತಂದು ಮನೆಯ ಒಲೆ ಹೊತ್ತಿಸಿದ್ದರು ಎಂದು ನಿಮಗೆ ತಿಳಿದಿದೆ ಎನ್ನಿ. ಅದನ್ನು ನಿಮ್ಮ ಮಕ್ಕಳಿಗೆ ಹೇಳುವಿರಾ? ಇಲ್ಲವೇ ಮುಚ್ಚಿಡುವಿರಾ?

ಈ ಪ್ರಶ್ನೆ ನನ್ನ ಮನಸ್ಸಿನಲ್ಲಿ ಮೂಡಿದ್ದು ಮೈಸೂರಿನ ರೈಲ್ವೆ ವಸ್ತುಸಂಗ್ರಹಾಲಯದಲ್ಲಿ. 1979ರಲ್ಲಿ ಆರಂಭವಾದ ಈ ಸಂಗ್ರಹಾಲಯವನ್ನು ನಿಮ್ಮಲ್ಲಿ ಅನೇಕರು ನೋಡಿರಬಹುದು. ರಜೆಯ ದಿನಗಳಲ್ಲಿ ಅಲ್ಲಿ ಮಕ್ಕಳದೇ ಗದ್ದಲ. ಬಣ್ಣ ಬಳಿದು ನಿಲ್ಲಿಸಿರುವ ಹಳೆಯ ಉಗಿ ಎಂಜಿನ್ನುಗಳನ್ನು ಹತ್ತುವುದು, ಇಳಿಯುವುದು, ಫೋಟೋ ತೆಗೆಸಿಕೊಳ್ಳುವುದು. ಉತ್ತರ ಕರ್ನಾಟಕದ ಕಡೆಯ ಪರಿಚಯದ ಕುಟುಂಬವೊಂದರ ಜೊತೆ ನಾನೂ ಹೋಗಿದ್ದೆ. ಅವರಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಎಂಜಿನ್ನಿನ ಮುಂದೆ ಅವರು ಬಹಳ ಹೊತ್ತು ಸುಮ್ಮನೆ ನಿಂತರು.

ಮೊಮ್ಮಗ ಕೇಳಿದ: “ಅಜ್ಜಿ, ನೀ ಈ ಗಾಡ್ಯಾಗ ಕುಂತೀಯೇನು?”

“ಕುಂತಿಲ್ಲೋ ಕೂಸ. ಇದರ ಬೂದಿಯೊಳಗ ಇದ್ದಲಾ ಆರಿಸೀನಿ.”

ಮಗ ತಕ್ಷಣ ತಡೆದರು: “ಏ ಯವ್ವಾ, ಬಿಡು. ಹುಡುಗರ ಮುಂದ ಅದೆಲ್ಲಾ ಯಾಕ?”

ಅಜ್ಜಿ ಬಾಯಿ ಮುಚ್ಚಿಕೊಂಡರು. ಮಗ ಕೆಟ್ಟವರಲ್ಲ, ತಾಯಿಯನ್ನು ಪ್ರೀತಿಯಿಂದ ನೋಡಿಕೊಳ್ಳುವವರು. ಆದರೂ ಆ ಒಂದು ಮಾತಿನಿಂದ ತಾಯಿಯ ಬಾಳಿನ ಒಂದು ಭಾಗ ಮೊಮ್ಮಗನಿಗೆ ತಲುಪದೆ ಹೋಯಿತು.

ಕಲ್ಲಿದ್ದಲಿನ ಯಾರ್ಡ್ ಎಂದರೆ ಏನೆಂದು ಇಂದಿನ ಮಕ್ಕಳಿಗೆ ಗೊತ್ತಿಲ್ಲ. ಉಗಿ ಎಂಜಿನ್ನಿಗೆ ಎರಡು ಆಹಾರ: ನೀರು ಮತ್ತು ಕಲ್ಲಿದ್ದಲು. ನಮ್ಮ ಮೀಟರ್‌ಗೇಜ್ ಹಳಿಗಳ ಮೇಲೆ ಓಡುತ್ತಿದ್ದ ದೊಡ್ಡ ಎಂಜಿನ್ನಿನ ಹಿಂಬದಿಯ ಟೆಂಡರಿನಲ್ಲಿ ಸುಮಾರು 10 ಟನ್ ಕಲ್ಲಿದ್ದಲು ಹಿಡಿಯುತ್ತಿತ್ತು. ವ್ಯಾಗನ್ನುಗಳಲ್ಲಿ ಬಂದ ಕಲ್ಲಿದ್ದಲನ್ನು ಯಾರ್ಡಿನಲ್ಲಿ ರಾಶಿ ಹಾಕುತ್ತಿದ್ದರು. ಎಷ್ಟೋ ಕಡೆ ಕೂಲಿಯವರು ಅದನ್ನು ಬುಟ್ಟಿಗಳಲ್ಲಿ ತಲೆಯ ಮೇಲೆ ಹೊತ್ತು ಟೆಂಡರಿಗೆ ತುಂಬುತ್ತಿದ್ದರು. ಪಕ್ಕದಲ್ಲೇ ಲೋಕೋ ಶೆಡ್. ಎಂಜಿನ್ನನ್ನು ತಿರುಗಿಸಲು ತಿರುಗುಮೇಜು, ನೀರು ತುಂಬಲು ಎತ್ತರದ ಕಂಬ, ಬಾಯ್ಲರ್ ತೊಳೆಯುವ ಜಾಗ. ತಣ್ಣಗಾದ ಎಂಜಿನ್ನಿಗೆ ಬೆಂಕಿ ಹಾಕಿ ಉಗಿ ಏರಿಸಲು ಗಂಟೆಗಟ್ಟಲೆ ಬೇಕಾಗುತ್ತಿತ್ತು. ಹೀಗಾಗಿ ಶೆಡ್ಡಿಗೆ ರಾತ್ರಿ ಎಂಬುದೇ ಇರಲಿಲ್ಲ. ಕೆಲಸ ಮುಗಿಸಿ ಬಂದ ಎಂಜಿನ್ನು ತನ್ನ ಒಲೆಯ ಬೂದಿಯನ್ನು ಬೂದಿಗುಂಡಿಯಲ್ಲಿ ಸುರಿಯುತ್ತಿತ್ತು. ಆ ಬೂದಿಯಲ್ಲಿ ಅರೆಸುಟ್ಟ ಕಲ್ಲಿದ್ದಲಿನ ಚೂರುಗಳಿರುತ್ತಿದ್ದವು. ಅವುಗಳಿಗಾಗಿ ಕಾದು ನಿಂತವರು ಬಡ ಹೆಂಗಸರು ಮತ್ತು ಮಕ್ಕಳು.

ನಮ್ಮ ನಾಡಿನ ಈ ರೈಲುಹಾದಿಯ ಹುಟ್ಟಿನಲ್ಲೇ ಹಸಿವಿನ ಕಥೆಯಿದೆ. 1876ರಿಂದ 78ರವರೆಗಿನ ಭೀಕರ ಬರದಲ್ಲಿ ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜನ ಸತ್ತರು. ಮತ್ತೆ ಬರ ಬಂದರೆ ಧಾನ್ಯ ಸಾಗಿಸಲು ದಾರಿ ಬೇಕೆಂಬ ಕಾರಣದಿಂದ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಸ್ಥಾಪನೆಯಾಯಿತು. ಗದಗ, ಹುಬ್ಬಳ್ಳಿಯ ಕಡೆಗೆ ಮೀಟರ್‌ಗೇಜ್ ಹಳಿ ಬಂತು. ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಖಾನೆ ಬೆಳೆಯಿತು. ಹಸಿದವರಿಗಾಗಿ ಹಾಕಿದ ಹಳಿಯ ಅಂಚಿನಲ್ಲೇ ಎಷ್ಟೋ ವರ್ಷಗಳ ನಂತರವೂ ಒಲೆಗೆ ಉರುವಲಿಲ್ಲದವರು ಬುಟ್ಟಿ ಹಿಡಿದು ನಿಂತಿದ್ದರು.

ಈಗ ಆ ಯಾರ್ಡುಗಳಿಲ್ಲ. ಚಿತ್ತರಂಜನ್ ಕಾರ್ಖಾನೆ 1972ರಲ್ಲಿ ತನ್ನ ಕೊನೆಯ ಉಗಿ ಎಂಜಿನ್ನನ್ನು ತಯಾರಿಸಿತು. 1990ರ ದಶಕದಲ್ಲಿ ಬೆಂಗಳೂರು–ಮೈಸೂರು, ಬೆಂಗಳೂರು–ಹುಬ್ಬಳ್ಳಿ ಹಾದಿಗಳು ಬ್ರಾಡ್‌ಗೇಜ್ ಆದವು. ದೇಶದ ಬ್ರಾಡ್‌ಗೇಜ್ ಹಳಿಯಲ್ಲಿ ದಿನನಿತ್ಯದ ಉಗಿಬಂಡಿ ಕೊನೆಯದಾಗಿ ಓಡಿದ್ದು 1995ರ ಡಿಸೆಂಬರ್ 6ರಂದು, ಪಂಜಾಬಿನ ಜಲಂಧರ್ ಮತ್ತು ಫಿರೋಜ್‌ಪುರದ ನಡುವೆ. ಡೀಸೆಲ್ ಬಂತು, ವಿದ್ಯುತ್ ಬಂತು. ಬೂದಿಗುಂಡಿಗಳನ್ನು ಮುಚ್ಚಿದರು. ಅದಕ್ಕಾಗಿ ಅಳಬೇಕಾಗಿಲ್ಲ. ಆ ಹೊಗೆ, ಆ ಕಾವು, ಆ ದೂಳು ದುಡಿಯುವವರ ಮೈಯನ್ನು ಸವೆಸಿದ್ದವು.

ಆದರೆ ನೆನಪಿನ ವಿಷಯದಲ್ಲಿ ನಾವು ಪಕ್ಷಪಾತಿಗಳು. ಎಂಜಿನ್ನಿಗೆ ಬಣ್ಣ ಬಳಿದು ನೆರಳಿನಲ್ಲಿ ನಿಲ್ಲಿಸಿದ್ದೇವೆ. ಫೈರ್‌ಮನ್ನಿನ ಸಲಿಕೆಯನ್ನೂ ಎಲ್ಲೋ ಒಂದು ಕಡೆ ಇಟ್ಟಿರಬಹುದು. ಬೂದಿ ಆರಿಸಿದವಳ ಬುಟ್ಟಿಯನ್ನು ಯಾರು ಇಟ್ಟಿದ್ದಾರೆ? ಆ ಬುಟ್ಟಿಯನ್ನು ಅವಳ ಮಕ್ಕಳೇ ಮರೆಯಲು ಬಯಸುತ್ತಾರೆ. ಏಕೆಂದರೆ ಅದರಲ್ಲಿ ಬಡತನವೊಂದೇ ಅಲ್ಲ, ಕಳ್ಳತನದ ಸಂಶಯವೂ ಇದೆ.

ಆ ಸಂಜೆ ಊಟವಾದ ಮೇಲೆ ಅಜ್ಜಿ ತಾವಾಗಿಯೇ ಮಾತು ತೆಗೆದರು. ಊರಿನ ಹೆಸರು ಇಲ್ಲಿ ಬೇಡ. ಅವರ ತಂದೆ ತೀರಿಕೊಂಡಿದ್ದರು. ತಾಯಿ ಕೂಲಿಗೆ ಹೋಗುತ್ತಿದ್ದರು. ಮನೆಯಲ್ಲಿ ನಾಲ್ಕು ಮಕ್ಕಳು. ಎಂಟು ವರ್ಷದ ಈ ಹುಡುಗಿ ಮೊದಲು ಆರಿಸುತ್ತಿದ್ದದ್ದು ಬೂದಿಯಲ್ಲಿ ಸಿಕ್ಕ ಚೂರುಗಳನ್ನು. ಆಮೇಲೆ ಹಳಿಯ ಪಕ್ಕ ಉದುರಿದ್ದನ್ನು. ಒಮ್ಮೊಮ್ಮೆ ಒಬ್ಬ ಫೈರ್‌ಮನ್ ಮಕ್ಕಳನ್ನು ಕಂಡು ಒಂದು ಸಲಿಕೆ ಕಲ್ಲಿದ್ದಲನ್ನು ಬೇಕೆಂದೇ ಕೆಳಗೆ ಬೀಳಿಸುತ್ತಿದ್ದನಂತೆ. ಒಂದು ಮಳೆಗಾಲದಲ್ಲಿ ಕಟ್ಟಿಗೆಯೆಲ್ಲ ಒದ್ದೆಯಾಗಿ, ತಮ್ಮನಿಗೆ ಜ್ವರ ಬಂದು ಮಲಗಿದ್ದಾಗ, ಆಕೆ ನಿಂತ ವ್ಯಾಗನ್ನನ್ನು ಹತ್ತಿ ಬುಟ್ಟಿ ತುಂಬಿಸಿಕೊಂಡು ಬಂದಳು. “ಬೂದಿಯೊಳಗಿಂದು ಪಾಪ ಅಲ್ಲ ಅಂತ ಗೊತ್ತೈತಿ. ವ್ಯಾಗನ್ನಿಂದು ಏನು?” ಎಂದು ಅಜ್ಜಿ ಕೇಳಿದರು. ಅರವತ್ತು ವರ್ಷಗಳಿಂದ ಆ ಪ್ರಶ್ನೆ ಅವರ ಜೊತೆಗಿತ್ತು.

ಓದುಗರೇ, ಇದಕ್ಕೆ ಸುಲಭದ ಉತ್ತರಗಳು ಎರಡಿವೆ. “ಕದಿಯಬೇಡ ಎಂಬುದು ಏಳನೆಯ ಆಜ್ಞೆ, ಕದ್ದದ್ದು ಕದ್ದದ್ದೇ” ಎನ್ನುವುದು ಒಂದು. “ಬಡವರಿಗೆ ಪಾಪವೆಲ್ಲಿಂದ ಬಂತು, ಬಿಡಿ” ಎನ್ನುವುದು ಇನ್ನೊಂದು. ಮೊದಲನೆಯದು ಕಠೋರ. ಎರಡನೆಯದು ದಯೆಯಂತೆ ಕಂಡರೂ ಬಡವರಿಗೆ ಮಾಡುವ ಅವಮಾನ. ಅವರಿಗೆ ಮನಸ್ಸಾಕ್ಷಿಯೇ ಇಲ್ಲವೆಂದು ಹೇಳಿದಂತೆ. ಆ ಅಜ್ಜಿಗೆ ಮನಸ್ಸಾಕ್ಷಿ ಇತ್ತು.

ಇದೇ ಪ್ರಶ್ನೆಯನ್ನು ಕಲ್ಲಿದ್ದಲಿನ ರೈಲುಗಳ ಪಕ್ಕದಲ್ಲೇ ನಿಂತು ಎದುರಿಸಿದ ಧರ್ಮಾಧ್ಯಕ್ಷರೊಬ್ಬರು ಇದ್ದರು. ಎರಡನೆಯ ಮಹಾಯುದ್ಧದ ನಂತರ ಜರ್ಮನಿಯ ಕೊಲೋನ್ ನಗರ ಪಾಳುಬಿದ್ದಿತ್ತು. 1946ರ ಚಳಿಗಾಲ ಅತಿ ಕ್ರೂರವಾಗಿತ್ತು. ಮನೆಗಳಿಗೆ ಛಾವಣಿಯಿಲ್ಲ, ಪಡಿತರ ಸಾಲದು, ಉರುವಲಿಲ್ಲ. ಕಲ್ಲಿದ್ದಲು ತುಂಬಿದ ರೈಲುಗಳು ಮಾತ್ರ ಕಣ್ಣೆದುರೇ ಸಾಗುತ್ತಿದ್ದವು. ಜನ ವ್ಯಾಗನ್ನು ಹತ್ತಿ ಚೀಲ ತುಂಬಿಸಿಕೊಳ್ಳುತ್ತಿದ್ದರು. ಅವರಲ್ಲಿ ಎಷ್ಟೋ ಮಂದಿ ಕಥೋಲಿಕರು. 1946ರ ಡಿಸೆಂಬರ್ 31ರ ಸಂಜೆ ಕಾರ್ಡಿನಲ್ ಜೋಸೆಫ್ ಫ್ರಿಂಗ್ಸ್ ಅವರು ಆ ನಗರದ ರೀಲ್ ಬಡಾವಣೆಯ ಸಂತ ಎಂಗೆಲ್‌ಬರ್ಟ್ ದೇವಾಲಯದಲ್ಲಿ ಪ್ರಬೋಧನೆ ನೀಡಿದರು. ಜೀವ ಮತ್ತು ಆರೋಗ್ಯವನ್ನು ಉಳಿಸಿಕೊಳ್ಳಲು ತೀರಾ ಅಗತ್ಯವಾದದ್ದು ದುಡಿದರೂ ಬೇಡಿದರೂ ಸಿಗದಿದ್ದರೆ, ಅಂಥ ಕಡುಕಷ್ಟದಲ್ಲಿ ಅದನ್ನು ತೆಗೆದುಕೊಳ್ಳಬಹುದು ಎಂಬುದು ಅವರ ಮಾತಿನ ಸಾರ. ಇದು ಅವರು ಹೊಸದಾಗಿ ಹುಟ್ಟಿಸಿದ ಬೋಧನೆಯಲ್ಲ. 13ನೇ ಶತಮಾನದಲ್ಲಿ ಸಂತ ಥಾಮಸ್ ಅಕ್ವಿನಾಸರು ಇದನ್ನೇ ಹೇಳಿದ್ದರು. 1965ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯೂ ಇದನ್ನೇ ಹೇಳಿತು. ಭೂಮಿಯ ಸಂಪತ್ತನ್ನು ದೇವರು ಕೊಟ್ಟದ್ದು ಎಲ್ಲರಿಗಾಗಿ.

ಜನರಿಗೆ ಎಷ್ಟು ಸಂತೋಷವಾಯಿತೆಂದರೆ, ಕಲ್ಲಿದ್ದಲು ಎತ್ತಿಕೊಳ್ಳುವುದಕ್ಕೆ “ಫ್ರಿಂಗ್ಸೆನ್” ಎಂಬ ಹೊಸ ಪದವೇ ಜರ್ಮನ್ ಭಾಷೆಗೆ ಬಂತು. ಆದರೆ ಕಾರ್ಡಿನಲರ ಮಾತಿಗೆ ಇನ್ನೊಂದು ಅರ್ಧವಿತ್ತು. ಅನೇಕರು ಈ ಮಿತಿಯನ್ನು ಬಹಳವಾಗಿ ಮೀರಿದ್ದಾರೆ, ಅನ್ಯಾಯವಾಗಿ ಪಡೆದದ್ದನ್ನು ಕೂಡಲೇ ಹಿಂದಿರುಗಿಸಬೇಕು, ಇಲ್ಲವಾದರೆ ದೇವರಲ್ಲಿ ಕ್ಷಮೆಯಿಲ್ಲ ಎಂದೂ ಅವರು ಎಚ್ಚರಿಸಿದ್ದರು. ಆ ಅರ್ಧವನ್ನು ನೆನಪಿಟ್ಟವರು ಕಡಿಮೆ.

ಈ ಎರಡು ಅರ್ಧಗಳನ್ನೂ ಹಿಡಿದು ನಮ್ಮ ಯಾರ್ಡಿಗೆ ಮರಳೋಣ. ಬೂದಿಯಲ್ಲಿ ಆರಿಸಿದ್ದು ಹಕ್ಕಲು ಆಯ್ದಂತೆ. ಹೊಲದ ಅಂಚಿನವರೆಗೂ ಕೊಯ್ಯಬೇಡಿ, ಹಕ್ಕಲನ್ನು ಬಡವರಿಗೂ ಪರದೇಶಿಗಳಿಗೂ ಬಿಡಿ ಎಂದು ಯಾಜಕಕಾಂಡದಲ್ಲಿದೆ. ರೂತಳು ಆಯ್ದದ್ದು ಅದನ್ನೇ. ಬೇಕೆಂದೇ ಕೆಲವು ತೆನೆಗಳನ್ನು ಬಿಡಿ ಎಂದು ಬೋವಜನು ಆಳುಗಳಿಗೆ ಹೇಳಿದ. ಆದರೆ ಬೋವಜ ಬಿಟ್ಟುಕೊಟ್ಟದ್ದು ತನ್ನ ಹೊಲದ ತೆನೆ; ಫೈರ್‌ಮನ್ ಬೀಳಿಸಿದ್ದು ತನ್ನದಲ್ಲದ ಕಲ್ಲಿದ್ದಲು. ಒಲೆ ತಣ್ಣಗಿದ್ದ ಮನೆಯ ಮಕ್ಕಳಿಗಾಗಿ ಬೀಳಿಸಿದ ಒಂದು ಸಲಿಕೆ ಬೇರೆ. ಕಾಸು ಪಡೆದು ಚೀಲಗಟ್ಟಲೆ ಇಳಿಸಿದ್ದರೆ ಅದು ಬೇರೆ. ಕಾಯಿಲೆಯ ತಮ್ಮನಿಗಾಗಿ ಎಂಟು ವರ್ಷದ ಹುಡುಗಿ ತಂದ ಬುಟ್ಟಿ ಬೇರೆ. ಅದೇ ವ್ಯಾಗನ್ನನ್ನು ರಾತ್ರಿ ಖಾಲಿ ಮಾಡಿ ಸಂತೆಯಲ್ಲಿ ಮಾರುವವನ ದಂಧೆ ಬೇರೆ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ತೂಗದೆಯೂ ಬಿಡಬಾರದು.

ಹಾಗಾದರೆ ಆ ಮಗ ತಾಯಿಯನ್ನು ತಡೆದದ್ದು ಸರಿಯೇ? ಇಲ್ಲ ಎನ್ನುತ್ತೇನೆ. ತಾಯಿಯ ಮರ್ಯಾದೆ ಉಳಿಸಲೆಂದು ಆತ ಹಾಗೆ ಮಾಡಿದರು. ಆದರೆ ಆಕೆಯ ಮರ್ಯಾದೆ ಇದ್ದದ್ದು ಆ ಬುಟ್ಟಿಯಲ್ಲೇ. ತಮ್ಮನನ್ನು ಬೆಚ್ಚಗಿಡಲು ಎಂಟು ವರ್ಷದವಳು ಹೊತ್ತ ಭಾರ ಅದು. ಅದನ್ನು ಮುಚ್ಚಿಟ್ಟರೆ ಮೊಮ್ಮಗನಿಗೆ ಉಳಿಯುವುದು ಬಣ್ಣದ ಎಂಜಿನ್ನು ಮಾತ್ರ. ಹಿಂದಿನ ಕಾಲ ಎಷ್ಟು ಚೆಂದವಿತ್ತು ಎಂದುಕೊಂಡು ಅವನು ಬೆಳೆಯುತ್ತಾನೆ. ಅಜ್ಜಿಯ ಮಾತನ್ನು ಕೇಳಿಸಿಕೊಂಡಿದ್ದರೆ ಅವನ ಕಣ್ಣು ಬೇರೆಯಾಗುತ್ತಿತ್ತು. ನಾಳೆ ಬೆಳಿಗ್ಗೆ ತನ್ನ ಬೀದಿಯ ಕಸದ ರಾಶಿಯಲ್ಲಿ ಪ್ಲಾಸ್ಟಿಕ್ ಆರಿಸುವ ಹುಡುಗಿಯನ್ನು ಕಂಡಾಗ, “ಇವಳು ನಮ್ಮ ಅಜ್ಜಿಯಂತೆ” ಎಂದು ಅವನಿಗೆ ಅನ್ನಿಸುತ್ತಿತ್ತು.

ಇಲ್ಲವಾದ ಯಾರ್ಡನ್ನು ನೆನೆಯುವುದರಿಂದ ನಮಗೆ ಸಿಗಬೇಕಾದದ್ದು ಈ ಕಣ್ಣು. ಹಳಿಗಳು ಎದ್ದುಹೋದರೂ ಅಂಚಿನಲ್ಲಿ ಬುಟ್ಟಿ ಹಿಡಿದು ನಿಲ್ಲುವವರು ಇಲ್ಲವಾಗಿಲ್ಲ. ಜಾಗ ಬದಲಾಗಿದೆ, ಅಷ್ಟೆ. ಹಕ್ಕಲು ಬಿಡಬೇಕಾದ ಹೊಲ ಈಗ ನಮ್ಮ ನಮ್ಮ ಮನೆಗಳಲ್ಲಿದೆ.

ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಈ ಭಾನುವಾರ ಊಟವಾದ ಮೇಲೆ ಟಿ.ವಿ. ಆರಿಸಿ, ಅವರ ಬಳಿ ಕುಳಿತು, “ಆಗ ಒಲೆಗೆ ಏನು ಹಾಕುತ್ತಿದ್ದಿರಿ?” ಎಂದು ಕೇಳಿ ನೋಡಿ. ಉತ್ತರ ಬಂದಾಗ ತಡೆಯಬೇಡಿ. ಮಕ್ಕಳೂ ಅಲ್ಲೇ ಇರಲಿ.

ಆ ಸಂಜೆ ಅಜ್ಜಿ ತಮ್ಮ ಮಾತು ಮುಗಿಸಿದಾಗ ಮಗ ಬಾಗಿಲ ಬಳಿ ನಿಂತು ಕೇಳುತ್ತಿದ್ದರು. ಒಳಗೆ ಬಂದು ತಾಯಿಯ ಪಕ್ಕ ಕುಳಿತರು. “ಮಾವ ಆರಾಮಾದನೇನಬೇ ಆವಾಗ?” ಎಂದು ಕೇಳಿದರು.

“ಆದ” ಎಂದರು ಅಜ್ಜಿ. “ಮರುದಿನ ಎದ್ದು ಕುಂತು ಗಂಜಿ ಉಂಡ.”