ಇಂದಿನ ಚಿಂತನೆ: ಒಳ್ಳೆಯವರ ಮನೆ



ಉಪಾಸಕರು ಮಾಡಬಾರದ ಐದು ವ್ಯಾಪಾರಗಳನ್ನು ಅಂಗುತ್ತರ ನಿಕಾಯದಲ್ಲಿ ಬುದ್ಧರು ಹೇಳಿದ್ದಾರೆ: ಶಸ್ತ್ರ, ಜೀವಿ, ಮಾಂಸ, ಮದ್ಯ, ವಿಷ. ಎರಡನೆಯದು ಪಾಲಿಯಲ್ಲಿ ‘ಸತ್ತ ವಣಿಜ್ಜಾ’. ಕನ್ನಡದ ಕಿವಿಗೆ ‘ಸತ್ತ’ ಬೇರೆಯೇ ಕೇಳಿಸುತ್ತದೆ. ಇಲ್ಲಿ ಅದು ಸತ್ತ್ವ, ಜೀವವುಳ್ಳದ್ದು. ಅಟ್ಠಕಥೆ ಇದನ್ನು ಮನುಷ್ಯರ ಮಾರಾಟ ಎಂದೇ ವಿವರಿಸುತ್ತದೆ.

ಈ ಮಾತನ್ನು ಬಹಳ ವರ್ಷ ನಿಶ್ಚಿಂತೆಯಿಂದ ಓದಿದೆ. ನಾನು ಮೇಷ್ಟ್ರು, ಯಾರನ್ನು ಮಾರಲಿ?

ಕೆಲವು ವರ್ಷಗಳ ಹಿಂದೆ ಏಳನೇ ತರಗತಿಯ ಹುಡುಗಿಯೊಬ್ಬಳ ಅಪ್ಪ ಟಿ.ಸಿ. ಕೇಳಲು ಬಂದ. “ಬೆಂಗಳೂರಾಗ ನಮ್ಮ ಸಂಬಂಧಿಕರದಾರ್ರಿ ಸರ್, ಅಲ್ಲೇ ಸಾಲಿಗಿ ಹಾಕ್ತಾರ್ರಿ.” ಯಾವ ಸಂಬಂಧಿಕರು, ಯಾವ ಶಾಲೆ ಎಂದು ಕೇಳಲಿಲ್ಲ. ಅವನಿಗೆ ಸಾಲವಿದ್ದದ್ದು ಊರಿಗೆಲ್ಲ ಗೊತ್ತಿತ್ತು, ನನಗೂ. ಆದರೂ ಬರೆದುಕೊಟ್ಟೆ. ತಿಂಗಳುಗಳಾದ ಮೇಲೆ ತಿಳಿಯಿತು: ಆಕೆ ಒಂದು ಫ್ಲ್ಯಾಟಿನಲ್ಲಿ ಕೂಸು ಆಡಿಸುತ್ತಿದ್ದಾಳೆ, ಅಪ್ಪ ಮುಂಗಡ ಪಡೆದಿದ್ದಾನೆ, ಅವಳು ಫೋನಿನಲ್ಲಿ ಮಾತಾಡುವಾಗ ಪಕ್ಕದಲ್ಲಿ ಯಾರೋ ನಿಂತಿರುತ್ತಾರೆ. ಆ ವ್ಯಾಪಾರದ ಕಾಗದದಲ್ಲಿದ್ದದ್ದು ನನ್ನ ಅಕ್ಷರ.

“ಹೆತ್ತ ಅಪ್ಪನೇ ಒಪ್ಪಿ ಕಳಿಸಿದ ಮೇಲೆ ನಿಮಗ್ಯಾಕ್ರಿ?” ಎಂದರು ಸಹೋದ್ಯೋಗಿಗಳು. ಶೋಷಣೆಗಾಗಿ ಒಬ್ಬರನ್ನು ಕರೆದೊಯ್ಯಲು ಅವರ ಮೇಲೆ ಹಿಡಿತವಿರುವವರಿಗೆ ಹಣ ಕೊಟ್ಟು ಒಪ್ಪಿಸಿದರೂ ಅದು ಮಾನವ ಕಳ್ಳಸಾಗಣೆಯೇ ಎನ್ನುತ್ತದೆ ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ. ಬಾಬಾಸಾಹೇಬರು ಕರಡು ಸಮಿತಿಯ ಅಧ್ಯಕ್ಷರಾಗಿದ್ದ ಸಂವಿಧಾನವೂ 23ನೇ ವಿಧಿಯಲ್ಲಿ ಮಾನವ ಮಾರಾಟವನ್ನು, ಬಿಟ್ಟಿ ಚಾಕರಿಯನ್ನು ನಿಷೇಧಿಸಿದೆ.

ಆದರೆ ಕಾನೂನಿಗಿಂತ ಹೆಚ್ಚು ಕಾಡುವವಳು ಥೇರಿಗಾಥೆಯ ಪುಣ್ಣಿಕಾ. ಭಿಕ್ಖುಣಿಯಾಗುವ ಮೊದಲು ಆಕೆ ದಾಸಿ. ಒಡತಿಯರ ಏಟಿಗೆ ಹೆದರಿ ಕೊರೆವ ಚಳಿಯಲ್ಲೂ ನದಿಗಿಳಿದು ನೀರು ಹೊತ್ತವಳು. ಯಾರ ಮನೆಗೆ? ಸಂಘಕ್ಕೆ ಜೇತವನವನ್ನು ದಾನ ಕೊಟ್ಟ ಅನಾಥಪಿಂಡಿಕನ ಮನೆಗೆ. ನಮ್ಮ ಹುಡುಗಿ ಹೋದದ್ದೂ ಒಳ್ಳೆಯವರ ಮನೆಗೇ ಅಂತೆ. ಊಟ, ಬಟ್ಟೆಗೆ ಕೊರತೆಯಿಲ್ಲವಂತೆ. “ಮಗು ನೋಡ್ಕೊಳ್ಳಾಕ ನಿಮ್ಮ ಕಡಿ ಯಾರರ ಹುಡುಗಿ ಇದ್ರ ಹೇಳ್ರಿ” ಎನ್ನುವವರು ನಮ್ಮ ನೆಂಟರಲ್ಲಿದ್ದಾರೆ. ಈ ಗುಂಪಿನಲ್ಲೂ ಇರಬಹುದು, ಬೇಸರಿಸಬೇಡಿ.

ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು ನನಗೆ ಹನ್ನೊಂದು ದಿನ ಹಿಡಿಯಿತು. ನಾಳೆ ಊರವರ ಮುಖ ನೋಡಬೇಕಲ್ಲ ಎಂಬ ಅಳುಕು. ಹುಡುಗಿ ಮರಳಿ ಬಂದಳು, ವಸತಿ ಶಾಲೆ ಸೇರಿದಳು. ಅಪ್ಪ ನನ್ನೊಡನೆ ಮಾತು ಬಿಟ್ಟಿದ್ದಾನೆ. ಅವನ ಸಾಲ ಹಾಗೇ ಇದೆ. ಅದಕ್ಕೆ ನನ್ನ ಬಳಿ ಉತ್ತರವಿಲ್ಲ. ಈಗ ಟಿ.ಸಿ. ಬರೆಯುವ ಮುನ್ನ ಸೇರುವ ಶಾಲೆಯ ಹೆಸರು ಕೇಳುತ್ತೇನೆ, ಎರಡು ವಾರ ಬಿಟ್ಟು ಅಲ್ಲಿಗೆ ಫೋನ್ ಮಾಡುತ್ತೇನೆ.