ಹಿಮಗಿರಿಯ ಚಿತ್ರವೂ ದರ್ಶನವೂ

ಕಂಡದ್ದನ್ನು ಚಿತ್ರದಲ್ಲಿ ಉಳಿಸಿಕೊಳ್ಳಬೇಕೆಂಬ ಆಸೆಗೂ ಕಂಡದ್ದಕ್ಕೆ ಕೈಮುಗಿಯಬೇಕೆಂಬ ಭಾವಕ್ಕೂ ಇರುವ ಸಂಬಂಧ ಎಂಥದು? ಒಂದು ಇನ್ನೊಂದನ್ನು ಕೆಡಿಸುವುದೋ, ಅಥವಾ ಒಂದು ಇನ್ನೊಂದಕ್ಕೆ ದಾರಿಯಾಗಬಲ್ಲುದೋ? ಹಿಂದೆ ಶಿಲ್ಪಿಗೂ ಚಿತ್ರಕಾರನಿಗೂ ಮೀಸಲಾಗಿದ್ದ ಈ ಪ್ರಶ್ನೆ ಇಂದು ಬದರಿ ಕೇದಾರಗಳಿಗೆ ಹೋಗಿಬರುವ ಪ್ರತಿಯೊಬ್ಬ ಯಾತ್ರಿಕನದೂ ಆಗಿದೆ. ಕಾಫಿಯ ಕೊಯ್ಲು ಮುಗಿದು, ಹೂಮಳೆ ಬಿದ್ದು, ಮುಂಗಾರಿಗೆ ಮೊದಲು ಕೊಂಚ ಬಿಡುವು ದೊರೆತೊಡನೆ ಮೂಡಿಗೆರೆ, ಬಣಕಲ್, ಕಳಸದ ಸೀಮೆಯಿಂದ ಉತ್ತರದ ಯಾತ್ರೆಗೆ ಹೊರಡುವ ನಮ್ಮ ಹಿರಿಯರು ಒಂದು ಕಾಲಕ್ಕೆ ಗಂಗಾಜಲದ ತಾಮ್ರದ ಗಿಂಡಿಯನ್ನು ಮಾತ್ರ ತರುತ್ತಿದ್ದರು. ಈಗ ಅದರೊಡನೆ ಮೊಬೈಲಿನ ತುಂಬ ಹಿಮಶಿಖರಗಳನ್ನೂ ತರುತ್ತಾರೆ. ಗಿಂಡಿಯು ದೇವರ ಕೋಣೆಗೆ ಹೋಗುತ್ತದೆ; ಚಿತ್ರಗಳು ಎಲ್ಲಿಗೆ ಹೋಗಬೇಕೆಂಬುದು ಇನ್ನೂ ತೀರ್ಮಾನವಾಗಿಲ್ಲ.

ಕೊಟ್ಟಿಗೆಹಾರದಂಥ ಊರಿನಲ್ಲಿ ಕುಳಿತು ಹಿಮಾಲಯವನ್ನು ಕುರಿತು ಆಲೋಚಿಸುವುದು ಅಸಂಗತವೆಂದು ತೋರಬಹುದು. ಇಲ್ಲಿ ಹಿಮವೆಂದರೆ ಮುಂಜಾನೆಯ ಮಂಜೇ ಹೊರತು ಗಟ್ಟಿಯಾಗಿ ನಿಲ್ಲುವ ವಸ್ತುವಲ್ಲ. ಇಲ್ಲಿಯ ನದಿಗಳು ಹಿಮದಿಂದ ಹುಟ್ಟಿದುವಲ್ಲ, ಮಳೆಯಿಂದಲೂ ಶೋಲೆ ಕಾಡಿನ ಬೇರುಗಳು ಹಿಡಿದಿಟ್ಟ ತೇವದಿಂದಲೂ ಹುಟ್ಟಿದುವು. ಆದರೂ ಈ ಸೀಮೆಗೂ ಕೇದಾರಕ್ಕೂ ಇರುವ ನಂಟು ಹೊಸದಲ್ಲ. ವೀರಶೈವ ಪಂಚಪೀಠಗಳಲ್ಲಿ ಒಂದಾದ ರಂಭಾಪುರಿ ಪೀಠವು ಇದೇ ಜಿಲ್ಲೆಯ ಬಾಳೆಹೊನ್ನೂರಿನಲ್ಲಿ, ಭದ್ರೆಯ ದಡದಲ್ಲಿದೆ. ಇನ್ನೊಂದು ಪೀಠವು ಊಖೀಮಠದಲ್ಲಿದ್ದು, ಕೇದಾರನಾಥನ ಪ್ರಧಾನ ಅರ್ಚಕರಾದ ರಾವಲರು ಕನ್ನಡ ನಾಡಿನ ವೀರಶೈವ ಜಂಗಮ ಪರಂಪರೆಯಿಂದಲೇ ಬರುವವರು. ಶಾರದೆಯ ಶೃಂಗೇರಿಯೂ ಇದೇ ಜಿಲ್ಲೆಯದು. ಅಲ್ಲಿ ಪೀಠವನ್ನು ಸ್ಥಾಪಿಸಿದ ಶಂಕರ ಭಗವತ್ಪಾದರು ಕೇದಾರದಲ್ಲಿ ದೇಹವಿಟ್ಟರೆಂಬುದು ಸಂಪ್ರದಾಯದ ನಂಬುಗೆ. 2013ರ ಪ್ರಳಯದಲ್ಲಿ ಅವರ ಸಮಾಧಿಸ್ಥಳ ಕೊಚ್ಚಿಹೋದ ಮೇಲೆ, ಮೈಸೂರಿನ ಶಿಲ್ಪಿ ಅರುಣ್ ಯೋಗಿರಾಜರು ಕಡೆದ 12 ಅಡಿ ಎತ್ತರದ ಕೃಷ್ಣಶಿಲೆಯ ಪ್ರತಿಮೆಯನ್ನು 2021ರ ನವೆಂಬರಿನಲ್ಲಿ ಅಲ್ಲಿ ಪ್ರತಿಷ್ಠಾಪಿಸಿದರು. ಕೇದಾರದ ಬಾಗಿಲು ಎಂದು ತೆರೆಯಬೇಕೆಂಬುದು ಶಿವರಾತ್ರಿಯ ದಿನ ಊಖೀಮಠದಲ್ಲಿ ಘೋಷಿತವಾಗುತ್ತದೆ. ಅದೇ ಶಿವರಾತ್ರಿಗೆಂದು ಕಾಲ್ನಡಿಗೆಯಲ್ಲಿ ಧರ್ಮಸ್ಥಳಕ್ಕೆ ಹೋಗುವ ಸಹಸ್ರಾರು ಮಂದಿ ಕೊಟ್ಟಿಗೆಹಾರವನ್ನು ದಾಟಿ ಚಾರ್ಮಾಡಿಯ ಘಟ್ಟವನ್ನು ಇಳಿಯುತ್ತಾರೆ. ಹಿಮಗಿರಿಯ ಪ್ರಶ್ನೆ ನಮ್ಮ ಪ್ರಶ್ನೆಯೂ ಹೌದು.

2023ರ ಜುಲೈ ತಿಂಗಳಿನಲ್ಲಿ ಬದರೀನಾಥ ಕೇದಾರನಾಥ ದೇವಾಲಯ ಸಮಿತಿಯು ಕೇದಾರದ ದೇಗುಲದೊಳಗೆ ಮೊಬೈಲನ್ನೂ ಚಿತ್ರ ತೆಗೆಯುವುದನ್ನೂ ನಿಷೇಧಿಸಿತು. ಗರ್ಭಗುಡಿಯ ಮುಂದೆ ನಿಂತವನು ದೇವರನ್ನು ನೋಡುವುದಷ್ಟೇ ಅಲ್ಲ, ದೇವರ ದೃಷ್ಟಿಗೆ ತಾನೂ ಬೀಳುತ್ತಾನೆ ಎಂಬುದು ನಮ್ಮ ಪೂಜಾವಿಧಿಯ ಮೂಲಭೂತವಾದ ಶ್ರದ್ಧೆ. ವಿಗ್ರಹಕ್ಕೆ ಕಣ್ಣು ತೆರೆಯಿಸುವ ವಿಧಿಯಿಲ್ಲದೆ ಪ್ರತಿಷ್ಠೆ ಪೂರ್ಣವಾಗದಿರುವುದೂ ಇದೇ ಕಾರಣದಿಂದ. ಯಂತ್ರವನ್ನು ಮುಖಕ್ಕೆ ಅಡ್ಡ ಹಿಡಿದವನು ನೋಡಲು ಬಯಸುತ್ತಾನೆ, ನೋಡಿಸಿಕೊಳ್ಳಲು ಒಲ್ಲ. ಶಿಖರಕ್ಕೆ ಬೆನ್ನು ತಿರುಗಿಸಿ ತನ್ನ ಮುಖವನ್ನೇ ಮುಂದಿಟ್ಟು ಚಿತ್ರ ತೆಗೆದುಕೊಳ್ಳುವವನಂತೂ ನೋಡುವುದನ್ನೂ ಬಿಟ್ಟಿರುತ್ತಾನೆ. ಆದಕಾರಣ ಆ ನಿಷೇಧದಲ್ಲಿ ನ್ಯಾಯವುಂಟು. ಆದರೆ ದೇಗುಲದ ಹೊರಗೆ, 3,583 ಮೀಟರ್ ಎತ್ತರದ ಆ ಕಣಿವೆಯ ಸುತ್ತಲೂ ಎದ್ದು ನಿಂತ ಹಿಮರಾಶಿಗೆ ಬಾಗಿಲೂ ಇಲ್ಲ, ಕಾವಲೂ ಇಲ್ಲ. ಗೀತೆಯ ಹತ್ತನೆಯ ಅಧ್ಯಾಯದಲ್ಲಿ ಭಗವಂತನು ಸ್ಥಾವರಗಳಲ್ಲಿ ತಾನು ಹಿಮಾಲಯವೆಂದು ಎಣಿಸಿಕೊಂಡಿರುವನಾದುದರಿಂದ ಆ ಪರ್ವತವೂ ವಿಗ್ರಹವೇ. ಅಲ್ಲಿ ನಿಯಮವನ್ನು ವಿಧಿಸುವವರು ಯಾರು? ನೋಡುವವನ ಅಂತಃಕರಣವಲ್ಲದೆ ಬೇರೆ ಯಾವ ಸಮಿತಿಯೂ ಅಲ್ಲಿ ಇರಲಾರದು.

ಆ ಅಂತಃಕರಣಕ್ಕೆ ಶಿಕ್ಷಣ ಕೊಡುವ ಒಂದು ಸಾಧನೆ ನಮ್ಮಲ್ಲಿ ಬಹುಕಾಲದಿಂದ ನಡೆದುಬಂದಿದೆ. ಇಷ್ಟಲಿಂಗವನ್ನು ಎಡದ ಅಂಗೈಯಲ್ಲಿಟ್ಟು, ಅದರ ಕಪ್ಪು ಕಾಂತಿಯಲ್ಲಿ ದೃಷ್ಟಿಯನ್ನು ನಿಲ್ಲಿಸಿ, ರೆಪ್ಪೆ ಅಲುಗದಂತೆ ಕುಳಿತುಕೊಳ್ಳುವ ಶಿವಯೋಗಿಯ ಕೈಯಲ್ಲಿರುವುದೂ ಅಂಗೈಯಗಲದ ಒಂದು ವಸ್ತುವೇ. ಅಷ್ಟು ಸಣ್ಣದರಲ್ಲಿ ಬ್ರಹ್ಮಾಂಡವನ್ನು ಕಾಣಲು ಸಾಧ್ಯವೆಂದು ಆ ಸಾಧನೆ ಹೇಳುತ್ತದೆ; ಆದುದರಿಂದ ಪರ್ವತವನ್ನು ಅಂಗೈಗೆ ತರುವುದೇ ಅಪರಾಧವೆಂದು ಹೇಳಲು ಬಾರದು. ಭೇದವಿರುವುದು ವಸ್ತುವಿನಲ್ಲಲ್ಲ, ದೃಷ್ಟಿಯ ಗತಿಯಲ್ಲಿ. ಲಿಂಗದ ಮೇಲೆ ನಿಂತ ದೃಷ್ಟಿ ಕ್ರಮೇಣ ಒಳಕ್ಕೆ ತಿರುಗಿ, ನೋಡುವವನನ್ನೇ ಕರಗಿಸುತ್ತದೆ. ಚಿತ್ರದಿಂದ ಚಿತ್ರಕ್ಕೆ ಬೆರಳಾಡಿಸುವ ದೃಷ್ಟಿ ಹೊರಕ್ಕೇ ಹರಿದು ಎಲ್ಲಿಯೂ ನಿಲ್ಲದೆ ಬಳಲುತ್ತದೆ. ಒಂದೇ ಶಿಖರವನ್ನು ನಿಂತು ನೋಡಿ, ಬೆಳಕು ಬದಲಾಗುವುದನ್ನು ಕಾದು, ಒಂದೇ ಚಿತ್ರವನ್ನು ತೆಗೆದವನು ಆ ಶಿವಯೋಗಿಯ ಸಮೀಪಕ್ಕೆ ಬಂದನೆಂದೇ ನಾನು ನಂಬುತ್ತೇನೆ.

ಇಂಥ ಕಾಯುವಿಕೆಗೆ ನಿದರ್ಶನವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಮೂಡಿಗೆರೆಯ ತಮ್ಮ ತೋಟದಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮೆರಾ ಹಿಡಿದು ಹಕ್ಕಿಗಳ ಹಿಂದೆ ವರ್ಷಗಟ್ಟಲೆ ಅಲೆದವರು. ಅವರ ಹೆಸರಿನ ಪ್ರತಿಷ್ಠಾನ ಇಂದು ಕೊಟ್ಟಿಗೆಹಾರದಲ್ಲಿಯೇ ಇದೆ. ಅವರ ವಿಚಾರನಿಷ್ಠ ಮನಸ್ಸು ಇದನ್ನು ಉಪಾಸನೆಯೆಂದು ಕರೆಯಲು ಒಪ್ಪುತ್ತಿರಲಿಲ್ಲವೇನೋ. ಆದರೂ ಹಕ್ಕಿ ತನ್ನಷ್ಟಕ್ಕೆ ತಾನು ಬಂದು ಕುಳಿತುಕೊಳ್ಳುವವರೆಗೆ ತನ್ನ ಇರವನ್ನೇ ಅಡಗಿಸಿಕೊಂಡು ಕಾಯಬೇಕಾದ ಆ ಕೆಲಸದಲ್ಲಿ ಅಹಂಕಾರಕ್ಕೆ ಎಡೆಯಿಲ್ಲ. ಹಿಮಾಲಯದಲ್ಲಿಯೂ ಮೊದಮೊದಲು ಚಿತ್ರ ತೆಗೆದವರಿಗೆ ಈ ತಪಸ್ಸು ಅನಿವಾರ್ಯವಾಗಿದ್ದಿತು. 1866ರಲ್ಲಿ ಗಂಗೋತ್ರಿಯ ಗೋಮುಖವನ್ನು ಚಿತ್ರಿಸಿದ ಸ್ಯಾಮ್ಯುಯೆಲ್ ಬೋರ್ನ್ ಎಂಬ ಆಂಗ್ಲನ ಕಾಲದಲ್ಲಿ, ಗಾಜಿನ ಹಲಗೆಗೆ ದ್ರಾವಣವನ್ನು ಬಳಿದು, ಅದು ಒಣಗುವುದರೊಳಗೆ ಬೆಳಕಿಗೊಡ್ಡಿ, ಪಕ್ಕದ ಗುಡಾರದ ಕತ್ತಲೆಯಲ್ಲಿ ಕೂಡಲೇ ತೊಳೆದು ಚಿತ್ರವನ್ನು ಮೂಡಿಸಬೇಕಾಗಿದ್ದಿತು. ಆ ಭಾರವನ್ನೆಲ್ಲ ಹೊತ್ತವರು ಹೆಸರುಳಿಯದ ಬೆಟ್ಟದ ಕೂಲಿಗಳು. ಒಂದು ಚಿತ್ರಕ್ಕೆ ಅಷ್ಟು ಬೆಲೆ ತೆರಬೇಕಾದಾಗ ಮನುಷ್ಯನು ನೋಡದೆ ತೆಗೆಯುವುದು ಸಾಧ್ಯವಿಲ್ಲ.

ಯಂತ್ರವು ಸುಲಭವಾದ ಈ ಕಾಲದಲ್ಲಿಯೂ ಹಿಮವು ಅದಕ್ಕೆ ಸುಲಭವಾಗಿ ಒಲಿದಿಲ್ಲ. ಲೋಕದ ವಸ್ತುಗಳೆಲ್ಲ ಸರಾಸರಿ ಬೂದುಬಣ್ಣದವೆಂಬ ಲೆಕ್ಕದ ಮೇಲೆ ಕ್ಯಾಮೆರಾ ಬೆಳಕನ್ನು ಅಳೆಯುವುದರಿಂದ, ಅದನ್ನು ಅದರ ಪಾಡಿಗೆ ಬಿಟ್ಟರೆ ಅಚ್ಚ ಬಿಳಿಯ ಹಿಮವೂ ಮಬ್ಬಾಗಿ ಬೂದಿಯಂತೆ ಮೂಡುತ್ತದೆ. ಬಲ್ಲವನು ಯಂತ್ರದ ಅಳತೆಯನ್ನು ಮೀರಿ ಹೆಚ್ಚು ಬೆಳಕನ್ನು ಕೊಡಬೇಕು. ನಮ್ಮ ಬುದ್ಧಿಯೂ ನಿತ್ಯದ ವ್ಯವಹಾರದ ಸರಾಸರಿಯಿಂದಲೇ ಸಮಸ್ತವನ್ನೂ ಅಳೆಯುತ್ತದೆ, ಮತ್ತು ಅಸಾಧಾರಣವಾದದ್ದು ಎದುರಾದಾಗ ಅದನ್ನು ತನ್ನ ಮಟ್ಟಕ್ಕೆ ಇಳಿಸಿಯೇ ಕಾಣುತ್ತದೆ. ಶ್ರದ್ಧೆಯೆಂದರೆ ಅಳತೆಗೋಲು ಸಾಲದೆಂಬುದನ್ನು ಅರಿತು ಬುದ್ಧಿಯು ತಾನಾಗಿ ಸಲ್ಲಿಸುವ ಆ ಹೆಚ್ಚಿನ ಬೆಳಕು.

ಇದಕ್ಕಿಂತಲೂ ಆಳವಾದ ಆಕ್ಷೇಪವೊಂದಿದೆ. ನಾಮರೂಪಗಳು ಕ್ಷಣಿಕವೆಂದು ವೇದಾಂತವು ಸಾರುತ್ತಿರುವಾಗ ಅವುಗಳ ಪಡಿಯಚ್ಚುಗಳನ್ನು ಕೂಡಿಡುವುದು ಅವಿದ್ಯೆಯನ್ನೇ ಬೆಳೆಸಿದಂತಲ್ಲವೆ? ಈ ಆಕ್ಷೇಪಕ್ಕೆ ಉತ್ತರವನ್ನು ಹಿಮನದಿಯೇ ಕೊಡುತ್ತದೆ. ವರ್ಷದ ಮೇಲೆ ವರ್ಷ ಬಿದ್ದ ಹಿಮವು ತನ್ನ ಭಾರದಿಂದಲೇ ಒತ್ತಿಕೊಂಡು, ಒಳಗಿನ ಗಾಳಿಯನ್ನು ಕಳೆದುಕೊಂಡು, ನೀಲಿ ಛಾಯೆಯ ಗಟ್ಟಿ ಮಂಜುಗಡ್ಡೆಯಾಗಿ, ಕಣ್ಣಿಗೆ ಕಾಣದಷ್ಟು ಮೆಲ್ಲನೆ ಇಳಿಜಾರಿನಲ್ಲಿ ಹರಿಯುತ್ತದೆ. ಸುಮಾರು 30 ಕಿಲೋಮೀಟರ್ ಉದ್ದದ ಗಂಗೋತ್ರಿಯ ಹಿಮನದಿ ಹೀಗೆ ನಿರಂತರವಾಗಿ ಚಲಿಸುತ್ತಲೇ ಇದೆ. ನಾವು ಸ್ಥಾವರವೆಂದು ಬಗೆದದ್ದು ನಿಜವಾಗಿ ಜಂಗಮ. ಒಂದು ಚಿತ್ರವು ಅದನ್ನು ನಿಲ್ಲಿಸಿ ತೋರಿಸುವಷ್ಟರ ಮಟ್ಟಿಗೆ ಅಸತ್ಯವನ್ನೇ ನುಡಿಯುತ್ತದೆ. ಆದರೆ ಬೋರ್ನನ ಚಿತ್ರದ ಪಕ್ಕದಲ್ಲಿ ಇಂದಿನ ಗೋಮುಖದ ಚಿತ್ರವನ್ನಿಟ್ಟಾಗ, ಹಿಮದ ಮುಖವು ಹಿಂದೆ ಹಿಂದೆ ಸರಿದು ಬರಿಯ ಕಲ್ಲಿನ ರಾಶಿ ಬಯಲಾಗಿರುವುದು ಕಾಣಿಸುತ್ತದೆ; ಬಿಡಿಬಿಡಿಯಾಗಿ ಸ್ಥಿರತೆಯ ಭ್ರಮೆಯನ್ನು ಹುಟ್ಟಿಸಿದ ಚಿತ್ರಗಳೇ ಒಂದುಗೂಡಿ ಅನಿತ್ಯತೆಯನ್ನು ಬೋಧಿಸುತ್ತವೆ. ಒಬ್ಬ ಮನುಷ್ಯನ ಆಯುಸ್ಸಿನ ಕಣ್ಣಿಗೆ ನಿಲುಕದ ಗತಿಯನ್ನು ಹಲವು ತಲೆಮಾರುಗಳ ಕಣ್ಣು ಹೀಗೆ ಕೂಡಿ ಕಾಣುವುದಾದರೆ, ಅದನ್ನು ಅವಿದ್ಯೆಯೆಂದು ತಳ್ಳಿಹಾಕುವುದು ಹೇಗೆ?

ಆದರೆ ಕಾಣುವುದು ಪುಕ್ಕಟೆಯಾಗಿ ಬರುವುದಿಲ್ಲ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದಂಶವನ್ನು ವಿಸರ್ಜಿಸಿದ, ಕೇದಾರದ ಮೇಲಣ ಚೋರಾಬಾರಿ ಸರೋವರವು 2013ರ ಜೂನ್ 17ರ ಬೆಳಗ್ಗೆ ಒಡೆದು, ಬಂಡೆಗಳನ್ನೂ ಕೆಸರನ್ನೂ ಹೊತ್ತು ಕೇದಾರದ ಬೀದಿಗಳ ಮೇಲೆ ಎರಗಿದಾಗ ಸಾವಿರಾರು ಜೀವಗಳು ಹೋದವು. ಉರುಳಿಬಂದ ದೊಡ್ಡ ಬಂಡೆಯೊಂದು ಹಿಂಭಾಗದಲ್ಲಿ ನಿಂತು ಪ್ರವಾಹವನ್ನು ಸೀಳಿದ್ದರಿಂದ ದೇಗುಲ ಉಳಿಯಿತು. ಅದಾದ ಆರು ವರ್ಷಕ್ಕೆ, 2019ರ ಆಗಸ್ಟ್ ತಿಂಗಳ ಮಳೆಯಲ್ಲಿ ನಮ್ಮ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳೇ ಜರಿದು, ಮಲೆಮನೆ, ಮಧುಗುಂಡಿಗಳ ಜನ ತೋಟಗದ್ದೆಗಳನ್ನು ಕಳೆದುಕೊಂಡರು; ಚಾರ್ಮಾಡಿಯ ಹಾದಿ ಮುಚ್ಚಿತು. ಅಲ್ಲಿ ಹಿಮ, ಇಲ್ಲಿ ಮಣ್ಣು. ಎರಡು ಕಡೆಯೂ ಅಚಲವೆಂದು ನಂಬಿದ್ದ ಗಿರಿಯೇ ನಡೆದುಬಂದಿತು.

ಆದುದರಿಂದ ಹಿಮಗಿರಿಯ ಚಿತ್ರವನ್ನು ತೆಗೆಯಬಾರದೆಂದು ನಾನು ಹೇಳಲಾರೆ. ತೆಗೆದವನು ಋಣಿಯಾಗುತ್ತಾನೆಂದು ಮಾತ್ರ ಹೇಳುತ್ತೇನೆ. ದೇವಋಣ, ಋಷಿಋಣ, ಪಿತೃಋಣಗಳನ್ನು ಎಣಿಸಿದ ಹಿರಿಯರು ಹುಟ್ಟಿನಿಂದಲೇ ಮನುಷ್ಯನು ಸಾಲಗಾರನೆಂದು ತಿಳಿದಿದ್ದರು. ಕಣ್ತುಂಬ ಕಂಡ ಸೌಂದರ್ಯವೂ ಅಂಥ ಒಂದು ಋಣವೇ, ಮತ್ತು ಚಿತ್ರವು ಅದರ ಸಾಲಪತ್ರ. ಪರ್ವತವನ್ನು ಕಂಡು ಬಂದವನು ಪರ್ವತಕ್ಕೆ ಕಾಣುವಂತೆ ಬಾಳಬೇಕು. ಹಿಮವನ್ನು ಕರಗಿಸುತ್ತಿರುವ ಲೋಕದ ಬಿಸಿಯಲ್ಲಿ ನಮ್ಮ ಒಲೆಗಳ, ನಮ್ಮ ವಾಹನಗಳ, ನಮ್ಮ ಆಸೆಗಳ ಪಾಲೂ ಇದೆ; ಹೇಮಾವತಿಗೂ ನೇತ್ರಾವತಿಗೂ ನೀರುಣಿಸುವ ಶೋಲೆಗಳ ಅಳಿವು ಉಳಿವುಗಳಲ್ಲಂತೂ ನಮ್ಮ ಕೈಯೇ ಇದೆ. ಕೇದಾರದ ಶಿಖರವನ್ನು ಗೋಡೆಗೆ ತೂಗುಹಾಕಿ, ಮನೆಯ ಹಿಂದಿನ ಗುಡ್ಡವನ್ನು ಬಗೆಸುವವನು ಕೇದಾರವನ್ನು ಕಂಡವನಲ್ಲ. ಆ ಚಿತ್ರದ ಎದುರಿಗೆ ನಿಂತು ಇಲ್ಲಿಯ ಒಂದು ಹಳ್ಳದ ತಲೆಯ ಕಾಡನ್ನು ಉಳಿಸುವ ಸಂಕಲ್ಪ ಮಾಡಿದವನು, ಮತ್ತೆಂದೂ ಉತ್ತರಕ್ಕೆ ಹೋಗದಿದ್ದರೂ, ದಿನವೂ ದರ್ಶನ ಪಡೆಯುತ್ತಾನೆ.